ಲಂಟಾನ ಕಿತ್ತ ಬೇಸಿಗೆ

ಲಂಟಾನದ ಮುಳ್ಳು ದೊಡ್ಡ ಮುಳ್ಳಲ್ಲ. ಕಾರೆ ಮುಳ್ಳಿನ ಹಾಗೆ ಮಾಂಸಕ್ಕೆ ಇಳಿದು ಕೂರುವುದಿಲ್ಲ, ಚರ್ಮ ಗೀಚಿ ಬಿಡುತ್ತದೆ ಅಷ್ಟೆ. ಆದರೆ ಒಂದೇ ದಿನ ನೂರು ಕಡೆ ಗೀಚಿಸಿಕೊಂಡು ಸಂಜೆ ಬಿಸಿನೀರು ಹೊಯ್ದುಕೊಂಡರೆ ಜೀವ ಹೋಗಿ ಬಂದ ಹಾಗಾಗುತ್ತದೆ. ಮೂಡಿಗೆರೆಗೂ ಕಳಸಕ್ಕೂ ನಡುವಿನ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ರೈಟರಾಗಿದ್ದಾಗ ಒಂದು ಇಡೀ ಬೇಸಿಗೆ ಈ ಗಿಡದ ಜೊತೆ ಗುದ್ದಾಡಿದೆ. ಸ್ವರಾಜ್ಯ ಬರುವುದಕ್ಕೆ ಇನ್ನೂ ಹತ್ತು ಹನ್ನೆರಡು ವರ್ಷವಿತ್ತು. ಆಲ್ದೂರಿನ ಅಂಗಡಿ ಮನೆತನದವನು ನಾನು. ವಯಸ್ಸು ಇಪ್ಪತ್ನಾಲ್ಕು. ತೋಟದ ಬಗ್ಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ, ಎಲ್ಲ ಗೊತ್ತಿದೆ ಎನ್ನುವ ಧಿಮಾಕು ಮಾತ್ರ ಧಾರಾಳವಾಗಿತ್ತು.

ಕೆಲಸ ಇದ್ದದ್ದು ಮೇಲಿನ ತೋಟದಲ್ಲಿ. ಹನ್ನೆರಡು ಎಕರೆ. ಕಾಫಿಯನ್ನು ಕೇಳುವವರೇ ಇಲ್ಲದ ವರ್ಷಗಳಲ್ಲಿ ಸಾಹುಕಾರರು ಆ ಭಾಗಕ್ಕೆ ಆಳು ಕಳಿಸುವುದನ್ನು ನಿಲ್ಲಿಸಿದ್ದರು. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಲಂಟಾನ ಅದನ್ನು ನುಂಗಿಬಿಟ್ಟಿತು. ಪಿಕಳಾರ ಹಕ್ಕಿಗಳು ಅದರ ಕಪ್ಪು ಹಣ್ಣು ತಿಂದು ನೆರಳಿಗೆ ಬೆಳೆಸಿದ ಹಾಲವಾಣದ ಮರಗಳ ಕೊಂಬೆಗಳ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಬಿದ್ದ ಕಡೆಯೆಲ್ಲ ಗಿಡ. ಹೊರಗೆ ನಿಂತು ನೋಡಿದರೆ ಹಳದಿ ಕೆಂಪು ಹೂವಿನ ಗುಡ್ಡ, ಕಣ್ಣಿಗೆ ಚಂದ. ಒಳಗೆ ಹೋಗಲು ಕಾಡುಹಂದಿಗೆ ಮಾತ್ರ ದಾರಿಯಿತ್ತು.

ಆ ವರ್ಷ ಹಣ್ಣು ಕೊಯ್ಲು ಮುಗಿದ ಮೇಲೆ ಸಾಹುಕಾರರು ಚಿಕ್ಕಮಗಳೂರಿನಿಂದ ಬಂದು ಅದರ ಎದುರು ನಿಂತರು. "ಕಡಿಸಿ, ಒಣಗಿಸಿ, ಬೆಂಕಿ ಹಾಕಿಸಿಬಿಡಿ ರೈಟ್ರೇ. ನರ್ಸರಿಲಿ ಸಸಿ ಇದಾವೆ. ಜೂನ್ ಮಳೆಗೆ ಹೊಸದಾಗಿ ನೆಡೋಣ" ಎಂದರು. ನನಗೂ ಅದೇ ಸರಿ ಎನ್ನಿಸಿತು. ಕಡ್ಡಿ ಗೀರಿದರೆ ಮುಗಿಯುವ ಕೆಲಸ.

ನಮ್ಮ ಹಿಂದೆ ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿಗಳು ನಿಂತಿದ್ದರು. ಅರವತ್ತು ದಾಟಿದ ಮನುಷ್ಯ. ಸಾಹುಕಾರರ ಎದುರು ಅವರು ಹ್ಞೂಂ ಎನ್ನುವುದು ಬಿಟ್ಟರೆ ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ತಲೆಯ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದು ಮುಂದೆ ಬಂದರು.

"ಸಾವ್ಕಾರ್ರೇ, ಬೆಂಕಿ ಬ್ಯಾಡ. ಅಡೀಲಿ ಕಾಪಿ ಗಿಡ ಇದಾವೆ. ಜೀವ ಹಿಡ್ಕಂಡು ಇದಾವೆ."

"ನೀನು ನೆಟ್ಟ ತೋಟ ಅಂತ ಹೇಳ್ತಿದೀಯ ಮಾರಾಯ. ಐದಾರು ವರ್ಷ ಬೆಳಕೇ ಕಾಣದ ಗಿಡ ಬದುಕಿರುತ್ತಾ?"

"ನಾ ನೆಟ್ಟಿದ್ದಕ್ಕೇ ಗೊತ್ತು ಸ್ವಾಮಿ."

ಸಾಹುಕಾರರು ಕೆಟ್ಟವರಲ್ಲ, ಅವಸರದವರು. "ಯುಗಾದಿ ಕಳೆದು ಬರ್ತೀನಿ. ಅಷ್ಟರಲ್ಲಿ ಬೆಂಕಿ ಇಲ್ಲದೆ ಲಂಟಾನ ತೆಗೆದು, ಇಟ್ಕೊಳ್ಳೋ ಯೋಗ್ಯತೆ ಇರೋ ಕಾಫಿ ತೋರಿಸು. ತೋರಿಸಿದ್ರೆ ನಿನ್ನ ತೋಟ ಇರ್ಲಿ. ಇಲ್ದಿದ್ರೆ ಅವತ್ತೇ ಬೆಂಕಿ" ಎಂದರು. ನನ್ನ ಕಡೆ ತಿರುಗಿ, "ಕೆಲಸ ತೆಗೆಯೋ ಜವಾಬ್ದಾರಿ ನಿಮ್ದು" ಎಂದು ಗಾಡಿ ಹತ್ತಿದರು. ನಮಗಿದ್ದದ್ದು ಎಂಟೊಂಬತ್ತು ವಾರ.

ಮೇಸ್ತ್ರಿಗಳಿಗೆ ನನ್ನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೂ ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕತ್ತಿ ಮಸೆಯುತ್ತ ಕೂತಿದ್ದರು.

ಎಸ್ಟೇಟುಗಳಲ್ಲಿ ಅಳತೆ ಕೆಲಸವೆಂಬುದೊಂದಿದೆ. ಬಿದಿರಿನ ಅಳತೆ ಕೋಲಿನಿಂದ ನೆಲ ಅಳೆದು ಒಬ್ಬೊಬ್ಬರಿಗೆ ಇಷ್ಟಿಷ್ಟು ಎಂದು ಗುರುತು ಹಾಕಿಕೊಡುವುದು. ಬೇಗ ಮುಗಿಸಿದವರು ಬೇಗ ಮನೆಗೆ ಹೋಗಬಹುದು. ಅಗೆತಕ್ಕೆ, ಕಳೆ ತೆಗೆಯುವುದಕ್ಕೆ ಅದು ಒಳ್ಳೆಯ ಪದ್ಧತಿ. ನಾನು ಲಂಟಾನಕ್ಕೂ ಅದನ್ನೇ ತಂದೆ. ಒಬ್ಬ ಗಂಡಸು, ಒಬ್ಬ ಹೆಂಗಸು ಒಂದು ಜೋಡಿ. ಜೋಡಿಗೆ ಉದ್ದ ನಾಲ್ಕು ಕೋಲು, ಅಗಲ ನಾಲ್ಕು ಕೋಲು. ಹೆಂಗಸರು ಕವೆಗೋಲಿನಿಂದ ಮುಳ್ಳಿನ ಹೊರೆಯನ್ನು ಎತ್ತಿ ಹಿಡಿಯುವುದು, ಗಂಡಸರು ಬಗ್ಗಿ ಕತ್ತಿಯಲ್ಲಿ ಕಡಿಯುವುದು. ಎಲ್ಲರೂ ಮೊಣಕೈವರೆಗೆ ಗೋಣಿ ಸುತ್ತಿಕೊಂಡಿದ್ದರು.

"ದಿನದ ಆಳಿನ ಲೆಕ್ಕಕ್ಕೇ ಬಿಡಿ ರೈಟ್ರೇ. ನೋಡ್ಕಂಡು ನಿಧಾನಕ್ಕೆ ಕಡಿಲಿ" ಎಂದರು ಮೇಸ್ತ್ರಿಗಳು.

"ಹಾಗೆ ಮಾಡಿದರೆ ದೀಪಾವಳಿ ಬರುತ್ತೆ ಮೇಸ್ತ್ರಿಗಳೇ" ಎಂದೆ.

ಕೆಲಸ ಓಡಿತು. ಮಧ್ಯಾಹ್ನ ಎರಡು ಗಂಟೆಗೆಲ್ಲ ಜನ ಕತ್ತಿ ಹೆಗಲಿಗೆ ಹಾಕಿಕೊಂಡು ತಮ್ಮ ಸಾಲುಮನೆಗಳಿಗೆ, ನಾವು ಲೈನುಮನೆ ಎನ್ನುತ್ತಿದ್ದೆವು, ಹೊರಡುತ್ತಿದ್ದರು. ಲಂಟಾನದ ಘಾಟಿಗೆ ಮೊದಲ ವಾರ ನನಗೆ ತಲೆನೋವು ಹತ್ತಿತ್ತು, ಆಮೇಲೆ ಅದೂ ಅಭ್ಯಾಸವಾಯಿತು. ಶಿವರಾತ್ರಿಯ ಹೊತ್ತಿಗೆ ಒಂಬತ್ತು ಎಕರೆ ಬಯಲಾಗಿತ್ತು. ನಾನು ಕಲ್ಲಿನ ಮೇಲೆ ಕಾಲಿಟ್ಟು ನಿಂತು ನೋಡಿ ಬೀಗಿದೆ. ಕೆಲಸ ಮುಕ್ಕಾಲು ಮುಗಿದಂತೆಯೇ ಎಂದು ಸಾಹುಕಾರರಿಗೆ ಕಾಗದವನ್ನೂ ಬರೆದೆ. ಆ ಕಾಗದ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹಬ್ಬದ ಮಾರನೇ ದಿನ ಮೇಸ್ತ್ರಿಗಳು ಆಫೀಸಿಗೆ ಬಂದು ಟವೆಲಿನಲ್ಲಿ ಕಟ್ಟಿಕೊಂಡಿದ್ದ ಆರೇಳು ಕೋಲುಗಳನ್ನು ಮೇಜಿನ ಮೇಲೆ ಸುರಿದರು.

"ಇದೆಂಥದು ಹೇಳಿ ನೋಡುವ."

"ಲಂಟಾನ."

"ಮುಟ್ಟಿ ನೋಡಿ. ಮೂಸಿ ನೋಡಿ."

ಲಂಟಾನದ ಕಡ್ಡಿ ಚೌಕ, ಮೈತುಂಬ ಮುಳ್ಳು. ಇವು ದುಂಡಗಿದ್ದವು, ನುಣುಪಾಗಿದ್ದವು, ಘಾಟು ವಾಸನೆ ಇರಲಿಲ್ಲ. ಕಾಫಿ ಗಿಡದ ಕಾಂಡಗಳು.

"ಎಷ್ಟು ಹೋಗಿದಾವೆ?"

"ಎಣ್ಸೋಕೆ ಮನ್ಸು ಬರ್ಲಿಲ್ಲ. ನಿಮ್ಮ ಕೋಲಿನ ಲೆಕ್ಕದಲ್ಲಿ ಇವೂ ಸೇರಿದಾವೆ, ರೈಟ್ರೇ" ಎಂದು ಹೇಳಿ, ಕೋಲುಗಳನ್ನು ಅಲ್ಲೇ ಬಿಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದು ಸಾಲದೆಂಬಂತೆ ಮಾರನೇ ದಿನ ಅಕಾಲದ ಮಳೆ ಹೊಡೆಯಿತು. ಒಂದು ಗಂಟೆಯ ಮಳೆ, ಆದರೆ ನೆಲ ಚೆನ್ನಾಗಿ ನೆಂದಿತು. ಹತ್ತು ದಿನ ಕಳೆದು ಹೋಗಿ ನೋಡಿದರೆ ಒಂಬತ್ತು ಎಕರೆಯೂ ಹಸಿರು. ಕಡಿದ ಒಂದೊಂದು ಬುಡದಿಂದ ಹತ್ತು ಹನ್ನೆರಡು ಚಿಗುರು ಎದ್ದಿತ್ತು. ಕಡಿದು ನೆಲದ ಮೇಲೆ ರಾಶಿ ಹಾಕಿದ್ದ ಕಡ್ಡಿಗಳೂ ಅಡಿಯಲ್ಲಿ ಮಣ್ಣು ತಾಗಿದ ಕಡೆ ಬೇರು ಬಿಟ್ಟಿದ್ದವು. ಕಡಿಯುವುದಕ್ಕೆ ಮೊದಲು ಒಂದಿದ್ದದ್ದನ್ನು ನಾನು ಹತ್ತು ಮಾಡಿದ್ದೆ.

ನಾನು ಅಲ್ಲೇ ಒಂದು ಬಂಡೆಯ ಮೇಲೆ ಕೂತೆ. ಸುಳ್ಳು ಯಾಕೆ ಹೇಳಲಿ, ಆಗ ಮನಸ್ಸಿಗೆ ಬಂದದ್ದು ಬೆಂಕಿಯೇ. ಸಾಹುಕಾರರೇ ಹೇಳಿದ ದಾರಿ. ಹಾಕಿಸಿಬಿಟ್ಟರೆ ನನ್ನ ಮೇಲೆ ತಪ್ಪು ಬರುವುದಿಲ್ಲ, ಮೇಸ್ತ್ರಿಗಳ ಆಸೆ ಒಂದು ಸುಡುತ್ತದೆ ಅಷ್ಟೆ. ಇನ್ನು ಮೂರೇ ವಾರ ಇತ್ತು.

ಬಂಡೆಯ ಕೆಳಗೆ ಆಳುಗಳಲ್ಲಿ ಹಿರಿಯಳಾದ ಹೆಂಗಸೊಬ್ಬಳು ಸೌದೆಗೆ ಬಂದಿದ್ದಳು. ಚಿಕ್ಕಂದಿನಿಂದ ಎಸ್ಟೇಟುಗಳಲ್ಲೇ ಬೆಳೆದವಳು, ಬಾಯಿ ಜೋರು. ಕಾಲುದಾರಿಗೆ ಅಡ್ಡ ಬಂದ ಒಂದು ಲಂಟಾನದ ಬುಡ ಅವಳ ಸೀರೆಗೆ ಸಿಕ್ಕಿಕೊಂಡಿತು. ಶಾಪ ಹಾಕುತ್ತ ಹೆಗಲ ಮೇಲಿದ್ದ ಗುದ್ದಲಿ ಇಳಿಸಿದಳು. ಬುಡಕ್ಕೆ ಹೊಡೆಯಲಿಲ್ಲ. ಬುಡದಿಂದ ಅರ್ಧ ಮೊಳ ಈಚೆಗೆ, ಓರೆಯಾಗಿ, ನೆಲದೊಳಗೆ ಒಂದು ಗೇಣು ಇಳಿಯುವ ಹಾಗೆ ಮೂರು ಸಲ ಹಾಕಿ ಗುದ್ದಲಿಯ ಕಾವು ಅದುಮಿದಳು. ಗಂಟುಗಂಟಾದ ಬೇರು ಮಣ್ಣು ಸಮೇತ ಎದ್ದು ಬಂತು. ಅದನ್ನು ಕೊಡವಿ, ಹತ್ತಿರದ ಹಾಲವಾಣದ ಕವಲಿಗೆ ಬೇರು ಮೇಲಾಗಿ ತಲೆಕೆಳಗೆ ಸಿಕ್ಕಿಸಿದಳು.

"ಅದ್ಯಾಕೆ ಮರಕ್ಕೆ ನೇತು ಹಾಕ್ತೀಯ ಅಕ್ಕ?"

"ನೆಲಕ್ಕೆ ಬಿಟ್ರೆ ಹಾಳಾದ್ದು ಮತ್ತೆ ಕಚ್ಕಂತದೆ. ಬೇರಿಗೆ ಬಿಸ್ಲು ಬಿದ್ರೇ ಸಾಯೋದು."

"ಇದು ಗೊತ್ತಿದ್ದೂ ಇಷ್ಟು ದಿನ ಯಾಕೆ ಹೀಗೆ ಮಾಡಲಿಲ್ಲ?"

ಅವಳು ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿದಳು. "ನೀವು ಕೇಳಿದ್ದು ಕೋಲು. ಕೋಲು ಕೊಟ್ವಿ. ಬುಡ ಕೇಳಿದ್ರೆ ಬುಡ ಕೊಡ್ತಿದ್ವಿ."

ಮುಖಕ್ಕೆ ಹೊಡೆದ ಹಾಗಾಯಿತು. ಸಿಟ್ಟೂ ಬಂತು, ಆದರೆ ಅವಳ ಮೇಲಲ್ಲ. ನಾನು ಎದ್ದು ನೇರ ಮೇಸ್ತ್ರಿಗಳ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. "ತಪ್ಪು ನಂದು ಮೇಸ್ತ್ರಿಗಳೇ. ನಾಳೆಯಿಂದ ಕೋಲು ಇಲ್ಲ, ಬೇರು ಎಣಿಸಿಕೊಳ್ಳೋಣ" ಎಂದೆ. ಅವರು ಅಡಕತ್ತರಿ ಕೆಳಗಿಟ್ಟು, "ಕೂತ್ಕಳಿ, ಎಲೆ ಹಾಕಿ" ಎಂದರು. ಅಷ್ಟರಲ್ಲೇ ನಮ್ಮಿಬ್ಬರ ಜಗಳ ಮುಗಿಯಿತು.

ಮರುದಿನದ ಹಾಜರಿಯಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬೊಬ್ಬರಿಗೆ ದಿನಕ್ಕೆ ಇಪ್ಪತ್ತು ಬುಡ, ಬೇರಿನ ಗಂಟು ಸಮೇತ. ಎಣಿಸಿ ತೋರಿಸಿ ಮನೆಗೆ ಹೋಗಬಹುದು. ಮುಂದಿನ ಕೆಲಸದ ಕ್ರಮವನ್ನು ಮೇಸ್ತ್ರಿಗಳು ಹಾಕಿಕೊಟ್ಟರು. ಇನ್ನೂ ಕಡಿಯದ ಭಾಗದಲ್ಲಿ ಅವರು ಎಲ್ಲರಿಗಿಂತ ಮುಂದೆ ಮುಳ್ಳಿನೊಳಗೆ ನುಸುಳಿ, ಸಿಕ್ಕಿದ ಕಾಫಿ ಗಿಡಕ್ಕೆಲ್ಲ ಬಾಳೆನಾರು ಕಟ್ಟುತ್ತ ಹೋಗುವುದು. ನಾರು ಕಟ್ಟಿದ ಗಿಡದ ಹತ್ತಿರ ಕತ್ತಿ ಬೀಸುವಂತಿಲ್ಲ, ಕೈಯಲ್ಲೇ ಬಿಡಿಸಬೇಕು. ಅಲ್ಲಿ ಲಂಟಾನವನ್ನು ಪೂರ್ತಿ ಬುಡಕ್ಕೆ ಕಡಿಯದೆ ಮೊಣಕಾಲೆತ್ತರ ಬಿಡಬೇಕು, ಯಾಕೆಂದರೆ ಆ ಮೋಟು ಹಿಡಿದೇ ಬೇರನ್ನು ಅಲ್ಲಾಡಿಸುವುದು. ದೊಡ್ಡ ಬುಡಕ್ಕೆ ಇಬ್ಬರು ಸೇರಿ ಹಾರೆ ಹಾಕಬೇಕು. ಕಿತ್ತದ್ದೆಲ್ಲ ಮರದ ಕವಲಿಗೆ, ಇಲ್ಲವೇ ಬಂಡೆಯ ಮೇಲೆ, ಬೇರು ಮೇಲಾಗಿ.

ಮೊದಲ ದಿನ ಇಪ್ಪತ್ತು ಬುಡ ಮುಗಿಸಲು ಎಲ್ಲರಿಗೂ ಸಂಜೆಯಾಯಿತು. ಗೊಣಗಾಟ ಜೋರಾಗಿಯೇ ಇತ್ತು. ಮಳೆಯ ತೇವ ಇರುವವರೆಗೆ ಬೇರು ಸಲೀಸಾಗಿ ಬಂತು, ನೆಲ ಒಣಗುತ್ತ ಬಂದ ಹಾಗೆ ಹಾರೆಯೂ ಠಣ್ ಎನ್ನತೊಡಗಿತು. ಆಮೇಲೆ ಇಪ್ಪತ್ತನ್ನು ಹದಿನೈದಕ್ಕೆ ಇಳಿಸಿದೆ. ನಾನೂ ಗೋಣಿ ಸುತ್ತಿಕೊಂಡು ದಿನಕ್ಕೆ ಐದು ಬುಡ ಕೀಳತೊಡಗಿದೆ. ನನ್ನ ಮೊದಲ ಬುಡ ಬಂದಾಗ ನಾನು ಬೆನ್ನು ಅಡಿಯಾಗಿ ಬಿದ್ದೆ. ಜೋರು ಬಾಯಿಯ ಆ ಹೆಂಗಸು, "ರೈಟ್ರನ್ನೂ ಮರಕ್ಕೆ ಸಿಕ್ಸ್ರೇ, ಬೇರು ಮೇಲೆ ಮಾಡಿ" ಎಂದಳು. ನಲವತ್ತು ಜನ ನಕ್ಕರು. ಅವತ್ತಿನಿಂದ ಗೊಣಗಾಟ ಕಡಿಮೆಯಾಯಿತು.

ತೊಡಕು ಮತ್ತೂ ಬಂತು. ಲಂಟಾನದ ಕತ್ತಲೆಯಿಂದ ಬಿಡಿಸಿದ ಕಾಫಿ ಗಿಡಗಳ ಎಲೆ ನಾಲ್ಕೇ ದಿನದಲ್ಲಿ ಹಳದಿಯಾಗಿ ಉದುರತೊಡಗಿತು. ನಾನು ಗಾಬರಿಯಾದೆ. ಮೇಸ್ತ್ರಿಗಳು, "ಬಾಣಂತೀನ ತಂದು ಬಿಸ್ಲಲ್ಲಿ ಕೂರ್ಸಿದ್ರೆ ಇನ್ನೆಂಥ ಆಗ್ತದೆ" ಎಂದು ಕಾಡಿನಿಂದ ಸೊಪ್ಪಿನ ಕೊಂಬೆ ತರಿಸಿ, ಒಂದೊಂದು ಗಿಡದ ಪಡುವಣ ಬದಿಗೆ ನೆರಳಾಗಿ ಊರಿಸಿದರು. ಎಲೆ ಉದುರುವುದು ನಿಂತಿತು.

ಇನ್ನೊಂದು ದಿನ ನಾಲ್ಕು ಜೋಡಿ ಮಧ್ಯಾಹ್ನಕ್ಕೇ ಬುಡ ತಂದು ಎಣಿಸಿ ಕೊಟ್ಟರು. ಬೇರಿಗೆ ಅಂಟಿದ್ದ ಮಣ್ಣು ಕೆಂಪು ಜಲ್ಲಿ ಮಣ್ಣು. ಮೇಲಿನ ತೋಟದ ಮಣ್ಣು ಕಪ್ಪು. ವಿಚಾರಿಸಿದರೆ ಗಾಡಿದಾರಿಯ ಬದಿಯ ಸಡಿಲ ಮಣ್ಣಿನಲ್ಲಿದ್ದ ಲಂಟಾನ ಕಿತ್ತು ತಂದಿದ್ದರು. ನಾನು ಕೂಗಾಡಲು ಹೊರಟೆ. ಮೇಸ್ತ್ರಿಗಳು ನಗು ತಡೆಯಲಾರದೆ, "ಬಿಡಿ ಮಾರಾಯ್ರೆ, ಗಾಡಿದಾರಿ ಆದ್ರೂ ಚೊಕ್ಕ ಆಯ್ತಲ್ಲ" ಎಂದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಯುಗಾದಿಗೆ ಮೂರು ದಿನವಿದ್ದಾಗ ಅವರು ನನ್ನನ್ನು ತೋಟದ ಒಂದು ಮೂಲೆಗೆ ಕರೆದುಕೊಂಡು ಹೋದರು. ಒಣ ತರಗನ್ನು ಕೈಯಲ್ಲಿ ಸರಿಸಿ, "ನಿಮ್ಮ ಪಾಪ ಚಿಗುರಿದೆ ನೋಡಿ" ಎಂದರು. ಕೋಲಿನ ಲೆಕ್ಕದ ದಿನಗಳಲ್ಲಿ ನಾವು ತಪ್ಪಿ ಕಡಿದ ಕಾಫಿಯ ಮೋಟು ಅದು. ಅದರ ಸುತ್ತ ನಾಲ್ಕು ಚಿಗುರು, ಒಂದೊಂದಕ್ಕೂ ಎರಡು ಜೊತೆ ಎಲೆ, ತುದಿ ತಾಮ್ರದ ಬಣ್ಣ. ಪಕ್ಕದ ಮೋಟೂ ಚಿಗುರಿತ್ತು, ಅದರ ಆಚೆಯದೂ ಚಿಗುರಿತ್ತು.

ಸಾಹುಕಾರರಿಗೆ ಇದನ್ನೇ ತೋರಿಸೋಣ ಎಂದು ನಾನು ಕುಣಿದಾಡಿದೆ. ಮೇಸ್ತ್ರಿಗಳು ತರಗನ್ನು ಮತ್ತೆ ಬುಡಕ್ಕೆ ಎಳೆದರು. "ಯಾರು ಕಡಿಸಿದ್ದು ಅಂತ ಕೇಳ್ತಾರೆ. ಕಾಪಿ ಗಿಡ ಕಡಿಸಿದ ರೈಟ್ರನ್ನ ಯಾವ ಸಾವ್ಕಾರ್ರೂ ಇಟ್ಕಳಲ್ಲ. ನಿಮಗೆ ಮುಂದೆ ಬದುಕು ಇದೆ. ತೋರ್ಸೋದು ಬಿಡೋದು ನಿಮಗೆ ಬಿಟ್ಟದ್ದು. ನಾನಂತೂ ಬಾಯಿ ಬಿಡಲ್ಲ" ಎಂದರು. ಆ ತೋಟ ಉಳಿಯುವುದು ಅವರಿಗೆ ಎಷ್ಟು ಮುಖ್ಯ ಎಂದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹುಕಾರರು ಹೇಳಿದ ಹಾಗೆ ಯುಗಾದಿ ಕಳೆದ ಕೂಡಲೇ ಬಂದರು. ಏಳು ಎಕರೆ ಬೇರು ಸಮೇತ ಚೊಕ್ಕವಾಗಿತ್ತು, ಐದು ಎಕರೆ ಬಾಕಿ. ಮರಗಳ ತುಂಬ ತಲೆಕೆಳಗಾದ ಲಂಟಾನದ ಬುಡಗಳು ಒಣಗಿ ಜೋಲಾಡುತ್ತಿದ್ದವು. ಅದನ್ನು ಕಂಡು ಅವರು ಒಂದು ಗಳಿಗೆ ನಿಂತರು. ಆಮೇಲೆ ಬಾಳೆನಾರು ಕಟ್ಟಿದ ಕಾಫಿ ಗಿಡಗಳ ನಡುವೆ ನಡೆದರು. ಬೆಳಕು ಹುಡುಕಿ ಹುಡುಕಿ ಉದ್ದಕ್ಕೆ ಬೆಳೆದ ಗಿಡಗಳು. ತುದಿಯಲ್ಲಿ ನಾಲ್ಕು ಎಲೆ, ಮಿಕ್ಕಿದ್ದೆಲ್ಲ ಬರೀ ಕಡ್ಡಿ.

"ಇವು ಗಿಡಾನಾ, ಊರುಗೋಲಾ?" ಎಂದರು. "ಪಾಪ, ಕಷ್ಟಪಟ್ಟಿದೀರ. ಆದ್ರೆ ಇದರಲ್ಲಿ ಫಸಲು ಎಲ್ಲಿ ಬರುತ್ತೆ? ಉಳಿದ ಐದು ಎಕರೆಗೆ ಸುಮ್ಮನೆ ಆಳು ಹಾಕೋದು ಬೇಡ. ಒಟ್ಟಿಗೆ ಸುಟ್ಟುಬಿಡೋಣ."

ಮೇಸ್ತ್ರಿಗಳು ಟವೆಲನ್ನು ಹಿಂಡುತ್ತ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ.

"ಸಾಹುಕಾರ್ರೇ, ಒಂದು ನಿಮಿಷ ಈ ಕಡೆ ಬನ್ನಿ" ಎಂದೆ. ಮೂಲೆಗೆ ಕರೆದುಕೊಂಡು ಹೋಗಿ ತರಗು ಸರಿಸಿದೆ. "ಇದು ಕಾಫಿ ಗಿಡ. ಕಡಿಸಿದ್ದು ನಾನು. ಕೋಲು ಅಳೆದು ಕೆಲಸ ಕೊಟ್ಟೆ, ಜನ ಲಂಟಾನದ ಜೊತೆ ಇದನ್ನೂ ಕಡಿದರು. ಇನ್ನೂರು ಮುನ್ನೂರು ಗಿಡ ಹೀಗೆ ಹೋಗಿದೆ. ಮೇಸ್ತ್ರಿಗಳು ಬೇಡ ಅಂದಿದ್ದರು, ನಾನು ಕೇಳಲಿಲ್ಲ. ಈಗ ಹೆಚ್ಚುಕಡಿಮೆ ಎಲ್ಲವೂ ಚಿಗುರಿದಾವೆ."

ಸಾಹುಕಾರರು ನನ್ನನ್ನು ನೋಡಿದ ನೋಟ ಸಿಹಿಯಾಗಿರಲಿಲ್ಲ. ಆದರೆ ಕೂತರು. ಚಿಗುರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಎದ್ದು ಇನ್ನೊಂದು ಮೋಟು ನೋಡಿದರು. ಹತ್ತು, ಹದಿನೈದು, ಇಪ್ಪತ್ತು ಮೋಟು ನೋಡಿದರು. ನಾನು ಹಿಂದೆಯೇ ತರಗು ಸರಿಸುತ್ತ ಹೋದೆ.

"ಬೇರು ಗಟ್ಟಿ ಇದೆ" ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. "ಹೊಸ ಸಸಿ ಇಟ್ರೆ ನಾಲ್ಕು ವರ್ಷ ಕಾಯಬೇಕು. ಇದು ಎರಡೇ ವರ್ಷಕ್ಕೆ ಹೂ ಬಿಡುತ್ತೆ." ಮೇಸ್ತ್ರಿಗಳ ಕಡೆ ತಿರುಗಿದರು. "ಉದ್ದ ಹೋಗಿರೋ ಗಿಡಗಳನ್ನೂ ಹೀಗೇ ಬುಡಕ್ಕೆ ಕತ್ತರಿಸು. ಸಸಿನ ಖಾಲಿ ಗುಂಡಿಗಷ್ಟೇ ಇಡೋದು. ಬೆಂಕಿ ಬೇಡ ಮಾರಾಯ, ನಿನ್ನ ತೋಟ ಇರ್ಲಿ." ಗಾಡಿ ಹತ್ತುವಾಗ ನನಗೆ, "ಮುಂದಿನ ಸಲ ಗಿಡ ಕಡಿಸೋವಾಗ ಕಣ್ಣು ಬಿಟ್ಕೊಂಡು ಕಡಿಸಿ ರೈಟ್ರೇ" ಎಂದರು. ಕೆಲಸದಿಂದ ತೆಗೆಯುವ ಮಾತೇ ಬರಲಿಲ್ಲ.

ಎರಡು ದಿನ ಕಳೆದು ಮೇಸ್ತ್ರಿಗಳು ತಮ್ಮ ಹೆಂಡತಿಯನ್ನು ಮೇಲಿನ ತೋಟಕ್ಕೆ ಕರೆದುಕೊಂಡು ಬಂದರು. ಆಕೆಗೆ ಮಂಡಿನೋವು, ಏರು ಹತ್ತಲು ಆಗುತ್ತಿರಲಿಲ್ಲ. ಅರ್ಧ ದಾರಿ ಗಾಡಿಯಲ್ಲಿ, ಅರ್ಧ ದಾರಿ ಗಂಡನ ಭುಜ ಹಿಡಿದು ಬಂದರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ನೆಟ್ಟ ತೋಟವಂತೆ. ಆಕೆ ತಲೆಯ ಮೇಲೆ ಸಸಿಯ ಬುಟ್ಟಿ ಹೊತ್ತು ತರುವುದು, ಇವರು ಗುಂಡಿಗೆ ಇಳಿಸುವುದು. ಆಕೆ ಸೆರಗಿನಲ್ಲಿ ಬೆವರು ಒರೆಸಿಕೊಂಡು, ತೋಟವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕಣ್ಣು ತುಂಬಿಕೊಂಡಾರು ಎಂದು ನಾನು ಮುಖ ಆಚೆ ತಿರುಗಿಸಿದೆ.

"ಈ ಸಾಲು ಇನ್ನೂ ಸೊಟ್ಟಗೇ ಇದೆ" ಎಂದರು ಆಕೆ. "ಹಗ್ಗ ಬಿಗಿ ಹಿಡೀರಿ ಅಂತ ಅವತ್ತೇ ಬಡ್ಕಂಡೆ."

"ಆ ತುದಿ ಹಿಡ್ದಿದ್ದು ನೀನೇ."

"ನಾ ಹಿಡಿದ ತುದಿ ನೆಟ್ಟಗಿದೆ, ಕಣ್ಣು ಬಿಟ್ಟು ನೋಡಿ. ಸೊಟ್ಟ ಆಗಿರೋದು ನಿಮ್ಮ ಕಡೇಲಿ."

ಬಗ್ಗಿ ನೋಡಿದೆ. ಮೋಟುಗಳ ಸಾಲು ನಿಜಕ್ಕೂ ಸೊಟ್ಟಗಿತ್ತು. ನಡುವಿನಿಂದ ಶುರುವಾಗಿ, ಮೇಸ್ತ್ರಿಗಳ ತುದಿಯ ಹೊತ್ತಿಗೆ ಎರಡು ಅಡಿ ಕೆಳಗೆ ಇಳಿದಿತ್ತು. ನಡುವೆ ಅಲ್ಲಲ್ಲಿ ಸತ್ತ ಗಿಡಗಳ ಜಾಗ ಖಾಲಿಯಿತ್ತು.

"ಜೂನ್‌ನಲ್ಲಿ ಖಾಲಿ ಜಾಗಕ್ಕೆ ಸಸಿ ಇಡುವಾಗ ಹಗ್ಗ ಕಟ್ಟಿ ನೆಟ್ಟಗೆ ಮಾಡಿಸಲಾ ಮೇಸ್ತ್ರಿಗಳೇ?" ಎಂದೆ.

ಅವರು ಹೆಂಡತಿಯ ಮುಖ ನೋಡಿದರು. ಆಕೆ ಒಂದು ಮೋಟಿನ ಚಿಗುರು ಸವರುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಬ್ಯಾಡ ರೈಟ್ರೇ" ಎಂದರು ಆಕೆಯೇ. "ಇದ್ದ ಸಾಲಿಗೇ ಇಡಿ."

ಜೂನ್ ಮೊದಲ ಮಳೆಗೆ ಆ ಸಾಲಿನಲ್ಲಿ ಹನ್ನೊಂದು ಸಸಿ ಇಟ್ಟೆವು. ಹಗ್ಗ ಕಟ್ಟಲಿಲ್ಲ.